ಹೆರಿಗೆಯಾಗಿದೆ, ಬರೆದುಕೊಳ್ಳಿ

ನನ್ನ ತಂಗಿಯ ಕಚೇರಿಯಿಂದ ಬಂದ ಒಂದು ಇಮೇಲಿನ ಒಕ್ಕಣೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗರ್ಭಪಾತವಾದದ್ದಕ್ಕೆ ವಿಷಾದ ಸೂಚಿಸಿ, ಕಾಯ್ದೆಯ ಪ್ರಕಾರ ಆರು ವಾರಗಳ ವೇತನಸಹಿತ ರಜೆ ಮಂಜೂರಾಗಿದೆಯೆಂದೂ, ಈ ಮೊದಲು ಮಂಜೂರು ಮಾಡಿದ್ದ ಹೆರಿಗೆ ರಜೆಯನ್ನು ರದ್ದುಪಡಿಸಲಾಗಿದೆಯೆಂದೂ ಅದರಲ್ಲಿ ತಿಳಿಸಿದ್ದರು. ಆದರೆ ಅವಳಿಗೆ ಆದದ್ದು ಗರ್ಭಪಾತವಲ್ಲ. 37 ವಾರ ತುಂಬಿತ್ತು. ಮಗುವಿನ ಮಿಸುಕಾಟ ನಿಂತಂತಿದೆ ಎಂದು ಆಸ್ಪತ್ರೆಗೆ ಹೋದವಳಿಗೆ ಸ್ಕ್ಯಾನಿಂಗ್ ಮಾಡಿ ಎದೆಬಡಿತ ಸಿಗುತ್ತಿಲ್ಲ ಎಂದರು. ನೋವು ಬರಿಸುವ ಔಷಧ ಕೊಟ್ಟರು. ಇಡೀ ರಾತ್ರಿ ನೋವು ತಿಂದ ಮೇಲೆ ಬೆಳಗಿನ ಜಾವ ಹೆರಿಗೆಯಾಯಿತು. ಎರಡೂಮುಕ್ಕಾಲು ಕಿಲೋ ತೂಕದ, ತಲೆತುಂಬ ಕೂದಲಿದ್ದ ಮಗು. ಅಷ್ಟೆಲ್ಲ ಆದವಳಿಗೆ ಕಚೇರಿಯ ಕಡತ ಹೆರಿಗೆಯೇ ಆಗಿಲ್ಲ ಎಂದು ಹೇಳುತ್ತಿತ್ತು.

ಇದು 2023ರ ಮಳೆಗಾಲದ ಮಾತು. ನಾನು ತಾಲ್ಲೂಕು ನ್ಯಾಯಾಲಯವೊಂದರಲ್ಲಿ ವಕೀಲೆ. ನನ್ನ ಹೆಚ್ಚಿನ ಕೆಲಸ ಜಮೀನು, ಪಾಲು, ಪತ್ರಗಳದ್ದು. ಕಾರ್ಮಿಕ ಕಾನೂನಾಗಲಿ, ಜನನ ಮರಣ ನೋಂದಣಿಯ ನಿಯಮಗಳಾಗಲಿ ದಿನನಿತ್ಯ ಕೈಗೆ ಬರುವಂಥವಲ್ಲ. ಆ ಇಮೇಲನ್ನು ಓದಿದ ರಾತ್ರಿ ಅವನ್ನೆಲ್ಲ ತೆಗೆದು ಕೂತೆ. ಓದುತ್ತ ಹೋದಂತೆ ಸ್ಪಷ್ಟವಾದದ್ದು ಇಷ್ಟು: ಸತ್ತು ಹುಟ್ಟಿದ ಮಗುವಿನ ತಾಯಿಯನ್ನು ನಮ್ಮ ಕಾನೂನು ಹೆತ್ತವಳೆಂದೇ ಒಪ್ಪಿಕೊಂಡಿದೆ. ಒಪ್ಪಿಕೊಂಡ ಆ ಮಾತನ್ನು ಅವಳ ಕೈಗೆ ತಲುಪಿಸುವವರು ಮಾತ್ರ ಯಾರೂ ಇಲ್ಲ. ಆಸ್ಪತ್ರೆ ತನ್ನ ಪಾಲಿನ ಕರ್ತವ್ಯವನ್ನು ತನ್ನಷ್ಟಕ್ಕೆ ಮಾಡಿ ಮುಗಿಸುತ್ತದೆ, ಕಚೇರಿ ತನಗೆ ತಿಳಿದಷ್ಟನ್ನು ಮಾಡುತ್ತದೆ, ಮನೆಯವರು ದುಃಖದಲ್ಲಿರುತ್ತಾರೆ, ತಂದೆತಾಯಿಗಳಿಗೆ ಯಾವ ಹಕ್ಕು ಇದೆಯೆಂದು ಹೇಳುವ ಹೊತ್ತಿಗೆ ಆ ಹಕ್ಕನ್ನು ಚಲಾಯಿಸುವ ಸಮಯವೇ ಕಳೆದುಹೋಗಿರುತ್ತದೆ.

ಹೆತ್ತ ಮೈ

ತಂಗಿಯನ್ನು ಆಸ್ಪತ್ರೆಯಿಂದ ನೇರವಾಗಿ ತವರಿಗೆ ಕರೆತಂದೆವು. ಅಮ್ಮ ಬಚ್ಚಲಿನ ಒಲೆಗೆ ಬೆಂಕಿ ಹಾಕಿ, ಹಂಡೆ ತುಂಬ ನೀರು ಕಾಯಿಸಿ, ಎಣ್ಣೆ ಹಚ್ಚಿ ನೀರು ಹಾಕಿದರು. ತಲೆಗೆ, ಕಿವಿಗೆ ಬಟ್ಟೆ ಕಟ್ಟಿದರು. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಎಲ್ಲವೂ ನನ್ನ ಎರಡು ಬಾಣಂತನಗಳಲ್ಲಿ ಹೇಗೆ ನಡೆದಿತ್ತೋ ಹಾಗೆಯೇ ನಡೆಯಿತು. ನೋಡಲು ಬಂದ ನೆಂಟರೊಬ್ಬರು ಒಳಗೆ ಬಂದು, ದನಿ ತಗ್ಗಿಸಿ, ತೊಟ್ಟಿಲಿಲ್ಲದ ಮನೆಯಲ್ಲಿ ಇದೆಲ್ಲ ಯಾಕೆ, ಹುಡುಗಿಗೆ ಇನ್ನಷ್ಟು ನೆನಪಾಗುತ್ತದೆ ಎಂದರು. ಅಮ್ಮ ಒಲೆಯ ಮುಂದಿನಿಂದ ಏಳದೆ, "ಹೆತ್ತ ಮೈ ಅದು ಕಣ್ರೀ. ಮಗು ಕೈಲಿ ಇದ್ರೂ ಹೆತ್ತ ಮೈಯೇ, ಇಲ್ದಿದ್ರೂ ಹೆತ್ತ ಮೈಯೇ" ಎಂದರು. ಮೂರನೆಯ ದಿನ ತಂಗಿಗೆ ಎದೆಹಾಲು ಇಳಿದು, ಎದೆ ಕಲ್ಲಿನಂತೆ ಬಿಗಿದು, ಜ್ವರ ಬಂತು. ಹಾಲು ನಿಲ್ಲಿಸಲು ಮಾತ್ರೆಯಿದೆಯೆಂದು ಡಿಸ್ಚಾರ್ಜ್ ಮಾಡುವಾಗ ಅವಳಿಗೆ ಯಾರೂ ಹೇಳಿರಲಿಲ್ಲ. ನಾವೇ ವೈದ್ಯರಿಗೆ ಫೋನ್ ಮಾಡಿ ಕೇಳಿ ತರಿಸಿದೆವು.

ಅಮ್ಮ ಒಲೆಯ ಮುಂದೆ ಕೂತು ಹೇಳಿದ ಮಾತು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಮೂರನೆಯ ಸೆಕ್ಷನ್‌ನಲ್ಲಿ ಇದೆ. ಮಗು ಎಂದರೆ ನಿರ್ಜೀವವಾಗಿ ಹುಟ್ಟಿದ ಮಗುವೂ ಸೇರುತ್ತದೆ, ಹೆರಿಗೆ ಎಂದರೆ ಮಗುವಿನ ಜನನ ಎಂದು ಅಲ್ಲಿ ವ್ಯಾಖ್ಯಾನಿಸಲಾಗಿದೆ. ಗರ್ಭಪಾತ ಎಂದರೆ 26ನೆಯ ವಾರದೊಳಗೆ ಅಥವಾ ಆ ವಾರದಲ್ಲಿ ಗರ್ಭ ಹೋಗುವುದು. ಆರು ವಾರಗಳ ರಜೆ ಅದಕ್ಕೆ ಸಂಬಂಧಿಸಿದ್ದು. ಅದಾದ ಮೇಲಿನದು ಹೆರಿಗೆ. 2017ರ ತಿದ್ದುಪಡಿಯ ನಂತರ ಹೆರಿಗೆಗೆ 26 ವಾರಗಳ ವೇತನಸಹಿತ ರಜೆ, ಬದುಕಿರುವ ಎರಡು ಮಕ್ಕಳು ಈಗಾಗಲೇ ಇದ್ದರೆ ಮಾತ್ರ 12 ವಾರ. ಮಗು ಉಳಿಯಲಿಲ್ಲವೆಂಬ ಕಾರಣಕ್ಕೆ ಆ ರಜೆಯನ್ನು ಮೊಟಕು ಮಾಡಬಹುದೆಂಬ ಮಾತು, ತಾಯಿ ಬದುಕಿರುವಾಗ, ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಹೆರಿಗೆಯಾದ ಮೇಲಿನ ಆರು ವಾರ ಅವಳನ್ನು ಕೆಲಸಕ್ಕೆ ಹಚ್ಚುವುದೇ ನಿಷಿದ್ಧ, ಅವಳು ತಾನಾಗಿ ಬರುತ್ತೇನೆ ಎಂದರೂ. ರಜೆಯಲ್ಲಿರುವಾಗ ಕೆಲಸದಿಂದ ತೆಗೆದುಹಾಕಿದರೆ ಅದು ಕಾನೂನುಬಾಹಿರ. ಹೆರಿಗೆಯಿಂದ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳ ರಜೆಗೆ ದಾರಿಯಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳಿಗಂತೂ ಇದು ಇನ್ನೂ ನೇರವಾಗಿದೆ: ಆ ಕಾಯ್ದೆಯ ಪ್ರಕಾರ 26 ವಾರಗಳ ನಂತರ ಆದ ಹೆರಿಗೆ ಹೆರಿಗೆಯೇ, ಮಗು ಜೀವಂತವಾಗಿ ಬಂದರೂ ಸರಿ, ಇಲ್ಲದಿದ್ದರೂ ಸರಿ. 1961ರ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿವೆ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೂ ಬಂದಿದೆ. ಹೆರಿಗೆಗೆ 26 ವಾರ, ಗರ್ಭಪಾತಕ್ಕೆ ಆರು ವಾರ ಎಂಬ ಲೆಕ್ಕ ಅಲ್ಲಿಯೂ ಮುಂದುವರಿದಿದೆ.

ತಂಗಿಯ ಕಚೇರಿಗೆ ನಾನು ಬರೆದ ಉತ್ತರದಲ್ಲಿ ವಾದವೇನೂ ಇರಲಿಲ್ಲ. ಮೂರನೆಯ ಸೆಕ್ಷನ್ನಿನ ಎರಡು ವಾಕ್ಯ, ಡಿಸ್ಚಾರ್ಜ್ ಸಮರಿಯಲ್ಲಿ ಗರ್ಭಕ್ಕೆ ಎಷ್ಟು ವಾರವಾಗಿತ್ತೆಂದು ಬರೆದಿದ್ದ ಸಾಲು, ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡುವ ಅವಕಾಶ ಇದೆಯೆಂಬ ಒಂದು ಸೌಮ್ಯ ಸೂಚನೆ. ವಾರದೊಳಗೆ ಪೂರ್ತಿ ರಜೆ ಮರಳಿ ಮಂಜೂರಾಯಿತು. ಮನೆಯಲ್ಲಿ ವಕೀಲರಿಲ್ಲದ, ಇಂಗ್ಲಿಷ್ ಸಮರಿಯನ್ನು ಓದಲಾರದ ಹೆಣ್ಣುಮಗಳೊಬ್ಬಳು ಇದೇ ಜಾಗದಲ್ಲಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವಳು ಆರನೆಯ ವಾರಕ್ಕೆ ಬಸ್ಸು ಹತ್ತಿರುತ್ತಿದ್ದಳು.

ಸರ್ಕಾರಿ ನೌಕರಿಯಲ್ಲಿ ಚಿತ್ರ ಬೇರೆ. ಕೇಂದ್ರ ಸರ್ಕಾರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2022ರ ಸೆಪ್ಟೆಂಬರ್ 2ರಂದು ಹೊರಡಿಸಿದ ಆದೇಶದಂತೆ, ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿದ 28 ದಿನಗಳೊಳಗೆ ತೀರಿಕೊಂಡರೆ ಕೇಂದ್ರ ಸರ್ಕಾರಿ ನೌಕರಳಿಗೆ 60 ದಿನಗಳ ವಿಶೇಷ ಹೆರಿಗೆ ರಜೆ ಸಿಗುತ್ತದೆ. ಅದಕ್ಕೆ ಮೊದಲು ಇದ್ದ ಗೊಂದಲ ನಿವಾರಣೆಯಾಯಿತೆಂಬುದು ಒಳ್ಳೆಯದೇ. ತಾಯಿಯ ಮನಸ್ಸಿನ ಮೇಲಾಗುವ ಆಘಾತವನ್ನು ಸರ್ಕಾರವೊಂದು ಕಾಗದದ ಮೇಲೆ ಗುರುತಿಸಿದ್ದೂ ಸಣ್ಣ ಸಂಗತಿಯಲ್ಲ. ಆದರೂ ಖಾಸಗಿ ಕಂಪನಿಯ ಹೆಣ್ಣುಮಗಳಿಗೆ 26 ವಾರ ಕೊಡಬೇಕೆನ್ನುವ ಸರ್ಕಾರ ತನ್ನ ನೌಕರಳಿಗೆ 60 ದಿನ ಸಾಕೆಂದು ತೀರ್ಮಾನಿಸಿದ್ದು ನನಗೆ ಸರಿಯೆನಿಸುವುದಿಲ್ಲ. ಇಬ್ಬರ ಮೈಯೂ ಒಂದೇ. ಖಾಸಗಿ ಕೆಲಸದಲ್ಲಿರುವ ತಂದೆಗಂತೂ ಯಾವ ರಜೆಯನ್ನೂ ಕಾನೂನು ಹೇಳಿಲ್ಲ. ತಂಗಿಯ ಗಂಡ ಮಗುವನ್ನು ಮಣ್ಣು ಮಾಡಿ ಬಂದ ಮರುದಿನವೇ ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ

ಹೆರಿಗೆಯಾದ ಕೂಡಲೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ತಾಯಿಗೆ ತೋರಿಸಬೇಡಿ, ಮನಸ್ಸಿಗೆ ಹತ್ತಿಸಿಕೊಳ್ಳುತ್ತಾಳೆ ಎಂದು ಹಿರಿಯರೊಬ್ಬರು ಹೊರಗೇ ನಿಂತು ಸಿಸ್ಟರ್‌ಗೆ ಹೇಳಿಟ್ಟಿದ್ದರು. ಅದು ಅವರ ಪ್ರೀತಿಯೇ ಹೊರತು ಬೇರೇನೂ ಅಲ್ಲ. ತಂಗಿ ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಬಂದವರನ್ನೆಲ್ಲ, ಆಯಾಳನ್ನೂ ಬಿಡದೆ, ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಗಂಡೋ ಹೆಣ್ಣೋ, ಅಷ್ಟಾದ್ರೂ ಹೇಳಿ." ಯಾರೂ ಹೇಳಲಿಲ್ಲ. ಹುಟ್ಟುವ ಮುಂಚೆ ಭ್ರೂಣದ ಲಿಂಗ ಹೇಳಬಾರದೆಂಬ ಕಾನೂನಿನ ಭಯ ಆಸ್ಪತ್ರೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಹೆರಿಗೆಯಾದ ಮೇಲೂ ಕೆಲವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಕೊನೆಗೆ ನಾನೇ ಒಳಗೆ ಹೋಗಿ, ಡ್ಯೂಟಿ ಡಾಕ್ಟರನ್ನು ಕೇಳಿ, ಮಗುವನ್ನು ಅವಳ ಬಳಿಗೆ ತರಿಸಿದೆ. ಹೆಣ್ಣು ಮಗು. ತಂಗಿ ಅದರ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಉಗುರುಗಳು ಎಷ್ಟು ಉದ್ದ ಬೆಳೆದಿವೆ ನೋಡಕ್ಕಾ ಎಂದಳು. ಅವಳು ಹತ್ತಿಸಿಕೊಳ್ಳಬೇಕಾದದ್ದನ್ನೆಲ್ಲ ಒಂಬತ್ತು ತಿಂಗಳಲ್ಲೇ ಹತ್ತಿಸಿಕೊಂಡಿದ್ದಳು; ಕಾಣದಂತೆ ಮಾಡಿ ಉಳಿಸಬಹುದಾದದ್ದು ಏನೂ ಇರಲಿಲ್ಲ.

ಆ ಹೊತ್ತಿನಲ್ಲಿ ನಿರ್ಧಾರವಾಗಬೇಕಾದ ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ. ಮಗು ಯಾಕೆ ತೀರಿಕೊಂಡಿತು? ಬಿಪಿ, ಸಕ್ಕರೆ, ಸೋಂಕು, ಕಸದ ಅಂದರೆ ಮಾಸಿನ (ಪ್ಲಸೆಂಟಾ) ತೊಂದರೆ, ಹೊಕ್ಕುಳಬಳ್ಳಿಯ ತೊಡಕು ಹೀಗೆ ಕಾರಣಗಳು ಹಲವು, ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಆದರೆ ಹುಡುಕುವುದಾದರೆ ಕಸವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ತಂದೆತಾಯಿಯ ಒಪ್ಪಿಗೆ ಪಡೆದು ಮಗುವಿನ ಶವಪರೀಕ್ಷೆ ಮಾಡಬೇಕು, ತಾಯಿಯ ರಕ್ತ ಪರೀಕ್ಷೆಗಳಾಗಬೇಕು. ಕೇಳದಿದ್ದರೆ ಕಸ ಸ್ವಲ್ಪ ಹೊತ್ತಿನಲ್ಲೇ ಆಸ್ಪತ್ರೆಯ ತ್ಯಾಜ್ಯದ ಹಳದಿ ಚೀಲ ಸೇರುತ್ತದೆ, ಆಮೇಲೆ ಕೇಳಿ ಪ್ರಯೋಜನವಿಲ್ಲ. ಇವನ್ನೆಲ್ಲ ಕೇಳುವುದು ತಂದೆತಾಯಿಯ ಹಕ್ಕು. ಬೇಡವೆನ್ನುವುದೂ ಅವರ ಹಕ್ಕು. ಹಾಗೆಯೇ ಕೇಸ್‌ಶೀಟಿನ ಪ್ರತಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು, ಮೂರು ವರ್ಷ ಕಾಪಾಡಿ ಇಡಬೇಕು. ಇದನ್ನು ಆಸ್ಪತ್ರೆಯ ಮೇಲೆ ಅನುಮಾನಪಟ್ಟು ಮಾಡುವ ಕೆಲಸವೆಂದು ತಿಳಿಯಬಾರದು. ಮುಂದಿನ ಬಸಿರಿನಲ್ಲಿ ನೋಡಿಕೊಳ್ಳುವ ವೈದ್ಯರಿಗೆ ಮೊದಲು ಬೇಕಾಗುವ ಕಾಗದವೇ ಅದು.

ಮಗುವಿನ ದೇಹದ ವಿಷಯದಲ್ಲಿಯೂ ಕಾನೂನು ಮೌನವಾಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಹಳದಿ ಚೀಲಕ್ಕೆ ಸೇರುವುದು ಬದುಕಬಲ್ಲ ಅವಧಿಗಿಂತ ಕೆಳಗಿನ ಭ್ರೂಣ ಮಾತ್ರ. ಎಂಟು, ಒಂಬತ್ತು ತಿಂಗಳ ಮಗು ತ್ಯಾಜ್ಯವಲ್ಲ. ಅದನ್ನು ತಂದೆತಾಯಿ ಕೇಳಿ ಪಡೆದು, ತಮ್ಮ ಪದ್ಧತಿಯಂತೆ ಸಂಸ್ಕಾರ ಮಾಡಬಹುದು. ನಾವೇ ವಿಲೇವಾರಿ ಮಾಡುತ್ತೇವೆ, ನೀವು ಹೋಗಿ ಎಂದು ವಾರ್ಡಿನವರು ಹೇಳಿದಾಗ, ಎಲ್ಲಿ, ಹೇಗೆ ಎಂದು ಕೇಳುವ ಅಧಿಕಾರ ತಂದೆತಾಯಿಗಿದೆ. ಇದರ ಇನ್ನೊಂದು ಮುಖ ಕರ್ತವ್ಯದ್ದು. ಮಗು ಹುಟ್ಟುವ ಮುಂಚೆ ಸತ್ತಿರಲಿ, ಹುಟ್ಟುವಾಗ ಸತ್ತಿರಲಿ, ಆಮೇಲೆ ಸತ್ತಿರಲಿ, ಜನನವನ್ನು ಮುಚ್ಚಿಡುವ ಉದ್ದೇಶದಿಂದ ಗುಟ್ಟಾಗಿ ಹೂಳುವುದು ಅಪರಾಧ. ಹಿಂದೆ ದಂಡ ಸಂಹಿತೆಯ 318ನೆಯ ಸೆಕ್ಷನ್ ಆಗಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 94. ಎರಡು ವರ್ಷದವರೆಗೆ ಸಜೆ ಇದೆ. ದುಃಖದಲ್ಲಿ ತೋಟದ ಮೂಲೆಯಲ್ಲಿ ಮಣ್ಣು ಮಾಡಿದವರನ್ನು ಹಿಡಿದು ಶಿಕ್ಷಿಸುವುದು ಅದರ ಉದ್ದೇಶವಲ್ಲ, ಮುಚ್ಚಿಡುವ ಮನಸ್ಸಿದ್ದರೆ ಮಾತ್ರ ಅಪರಾಧ. ಆದರೂ ಆಸ್ಪತ್ರೆಯ ಒಂದು ಚೀಟಿ ಕೈಯಲ್ಲಿರುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಆ ಚೀಟಿಯ ಬೆಲೆ ನಮಗೆ ತಿಳಿದದ್ದು ಸ್ಮಶಾನದಲ್ಲಿ. ತಂಗಿಯ ಗಂಡ ಹೊಸ ಬಿಳಿ ಪಂಚೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದರು. ಅವರ ಚಿಕ್ಕಪ್ಪ ಉಪ್ಪಿನ ಪೊಟ್ಟಣ ಹಿಡಿದಿದ್ದರು. ಗುಂಡಿ ತೋಡುವವನು ಮರಣ ಪ್ರಮಾಣಪತ್ರ ಇಲ್ಲದೆ ಆಗುವುದಿಲ್ಲ, ಮೇಲಿನವರು ನನ್ನನ್ನು ಕೇಳುತ್ತಾರೆ ಎಂದ. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದ. ಆದರೆ ಅಂಥ ಪ್ರಮಾಣಪತ್ರವನ್ನು ಯಾರೂ, ಎಂದಿಗೂ ಕೊಡಲಾರರು ಎಂಬುದು ಅವನಿಗೂ ಗೊತ್ತಿರಲಿಲ್ಲ, ನಮ್ಮ ಕಡೆಯವರಿಗೂ ಗೊತ್ತಿರಲಿಲ್ಲ. ನಾನು ಆಸ್ಪತ್ರೆಗೆ ಫೋನ್ ಮಾಡಿ, ನಿರ್ಜೀವ ಜನನವೆಂದು ಬರೆದು ಮೊಹರು ಹಾಕಿದ ಕಾಗದವೊಂದನ್ನು ತರಿಸುವವರೆಗೆ ಅವರು ಮಗುವನ್ನು ಎತ್ತಿಕೊಂಡು ಬೇವಿನ ಮರದಡಿ ನಿಂತೇ ಇದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ನೋಂದಣಿ ಪುಸ್ತಕ

1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮರಣವೆಂದರೆ ಜೀವಂತವಾಗಿ ಹುಟ್ಟಿದ ಮೇಲೆ ಜೀವದ ಎಲ್ಲ ಲಕ್ಷಣಗಳೂ ಶಾಶ್ವತವಾಗಿ ಮರೆಯಾಗುವುದು. ಉಸಿರಾಡದೆ ಹುಟ್ಟಿದ ಮಗು ಆ ಕಾಯ್ದೆಯ ಕಣ್ಣಿಗೆ ಸತ್ತಿಲ್ಲ. ಆದರೆ ಅದೇ ಕಾಯ್ದೆ ಜನನವನ್ನು ವ್ಯಾಖ್ಯಾನಿಸುವಾಗ ಜೀವಂತ ಜನನ ಅಥವಾ ನಿರ್ಜೀವ ಜನನ ಎರಡೂ ಜನನವೇ ಎನ್ನುತ್ತದೆ. ಅಂದರೆ ನನ್ನ ತಂಗಿಯ ಮಗಳು ಕಾನೂನಿನ ಪ್ರಕಾರ ಹುಟ್ಟಿದ್ದಾಳೆ. ಆ ಜನನವನ್ನು 21 ದಿನಗಳೊಳಗೆ ವರದಿ ಮಾಡುವುದು ಕಡ್ಡಾಯ. ಆಸ್ಪತ್ರೆಯಲ್ಲಾದರೆ ಅಲ್ಲಿನ ಮುಖ್ಯ ವೈದ್ಯಾಧಿಕಾರಿ, ಮನೆಯಲ್ಲಾದರೆ ಮನೆಯ ಯಜಮಾನರು ವರದಿ ಮಾಡಬೇಕು. ಜೀವಂತ ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2, ನಿರ್ಜೀವ ಜನನಕ್ಕೆ ನಮೂನೆ 3. ಹುಟ್ಟಿದ ದಿನಾಂಕ, ಲಿಂಗ, ತಂದೆಯ ಹೆಸರು, ತಾಯಿಯ ಹೆಸರು, ಸ್ಥಳ, ಎಷ್ಟು ವಾರದ ಗರ್ಭ, ಭ್ರೂಣದ ಸಾವಿಗೆ ಕಾರಣ ಇವೆಲ್ಲಕ್ಕೂ ಅದರಲ್ಲಿ ಜಾಗವಿದೆ. ಮಗುವಿನ ಹೆಸರಿಗೆ ಇಲ್ಲ. ತಾಯಿಗೆ ಹೇಳಲು ಅಂಜಿದ ಲಿಂಗವನ್ನು ಆಸ್ಪತ್ರೆ ಸರ್ಕಾರಕ್ಕೆ ಕಡ್ಡಾಯವಾಗಿ ಹೇಳುತ್ತದೆ ಎಂಬುದನ್ನು ಗಮನಿಸಿದಾಗ ನನಗೆ ಬಹಳ ನೋವಾಯಿತು.

ಇಲ್ಲಿ ಒಂದು ಸಂದು ಇದೆ, ಹೇಳಲೇಬೇಕು. ನಿಯಮಗಳಲ್ಲಿ ನಿರ್ಜೀವ ಜನನವೆನ್ನಲು 28 ವಾರ ತುಂಬಿರಬೇಕು. ರಜೆಯ ಕಾನೂನಿನಲ್ಲಿ ಗರ್ಭಪಾತದ ಗಡಿ 26 ವಾರ. 27ನೆಯ ವಾರದಲ್ಲಿ ಮಗು ಕಳೆದುಕೊಂಡವಳು ತನ್ನ ಕಂಪನಿಯ ಪಾಲಿಗೆ ಹೆತ್ತ ತಾಯಿ, ನೋಂದಣಾಧಿಕಾರಿಯ ಪಾಲಿಗೆ ಅವಳಿಗೆ ಏನೂ ಆಗಿಲ್ಲ. ಬ್ರಿಟನ್ನಿನಲ್ಲಿಯೂ ಒಂದು ಕಾಲದಲ್ಲಿ ಗಡಿ 28 ವಾರವೇ ಇತ್ತು. 1992ರ ಕಾಯ್ದೆ ಅದನ್ನು 24ಕ್ಕೆ ಇಳಿಸಿತು. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಕಾಲೇಜಿನ ಗೆಳತಿಯೊಬ್ಬಳು ಹೇಳುವಂತೆ, ಅಲ್ಲಿ ತಂದೆತಾಯಿ ತಾವೇ ಹೋಗಿ ನೋಂದಾಯಿಸುತ್ತಾರೆ, ಬಯಸಿದರೆ ಮಗುವಿಗೆ ಇಟ್ಟ ಹೆಸರನ್ನು ಬರೆಸುತ್ತಾರೆ, ಪ್ರಮಾಣಪತ್ರವೊಂದನ್ನು ಪಡೆದು ಮನೆಗೆ ಬರುತ್ತಾರೆ.

ನಮ್ಮಲ್ಲಿ ಜನನ ಪ್ರಮಾಣಪತ್ರಕ್ಕೆ ನಮೂನೆ 5 ಇದೆ, ಮರಣ ಪ್ರಮಾಣಪತ್ರಕ್ಕೆ ನಮೂನೆ 6 ಇದೆ, ನಿರ್ಜೀವ ಜನನದ ವಿವರ ಪುಸ್ತಕದೊಳಗೆ ಹೋಗಿ ಅಲ್ಲೇ ಉಳಿಯುತ್ತದೆ. ನಿರ್ಜೀವ ಜನನಗಳನ್ನು ಲೆಕ್ಕ ಹಾಕುವ ಉತ್ಸಾಹ ಸರ್ಕಾರಕ್ಕಿದೆ, ಇರಲೂಬೇಕು. 2014ರಲ್ಲಿ ಆರಂಭವಾದ ರಾಷ್ಟ್ರೀಯ ನವಜಾತ ಶಿಶು ಕ್ರಿಯಾ ಯೋಜನೆ 2030ರೊಳಗೆ ನಿರ್ಜೀವ ಜನನದ ಪ್ರಮಾಣವನ್ನು ಸಾವಿರಕ್ಕೆ ಹತ್ತಕ್ಕಿಂತ ಕೆಳಗೆ ಇಳಿಸುವ ಗುರಿ ಹೊಂದಿದೆ. ಲೆಕ್ಕ ಸರಿಯಾಗಿ ಬರಬೇಕಾದರೆ ಹಳ್ಳಿಯ ಮನೆಯಲ್ಲಿ ಆದದ್ದೂ, ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಆದದ್ದೂ ದಾಖಲಾಗಬೇಕು. ಕೈಗೆ ಒಂದು ಕಾಗದವೂ ಸಿಗದ ನೋಂದಣಿಗೆ ಮನೆಯವರು ಯಾಕೆ ನಡೆದು ಹೋಗುತ್ತಾರೆ? ಜೀವಂತ ಮಗುವಿಗೆ ಶಾಲೆಗೆ, ಆಧಾರ್‌ಗೆ ಪ್ರಮಾಣಪತ್ರ ಬೇಕು; ಸತ್ತವರ ಪತ್ರ ಖಾತೆಗೆ, ವಿಮೆಗೆ ಬೇಕು. ಈ ಮಗುವಿನ ಹೆಸರಿನಲ್ಲಿ ಬೇಕಾದದ್ದು ತಂದೆತಾಯಿಗೆ ಮಾತ್ರ. ಅಷ್ಟೇ ಕಾರಣ ಸಾಕಾಗಬೇಕು ಎಂಬುದು ನನ್ನ ಅಭಿಪ್ರಾಯ.

ತಂಗಿ ಈ ವರ್ಷ ಮತ್ತೆ ಬಸುರಿಯಾಗಿದ್ದಾಳೆ. ಅವಳ ತಾಯಿ ಕಾರ್ಡಿನ ಮೇಲ್ಭಾಗದಲ್ಲಿ ವೈದ್ಯರು ಜಿ2 ಪಿ1 ಎಲ್0 ಎಂದು ಬರೆದಿದ್ದಾರೆ: ಎರಡನೆಯ ಬಸಿರು, ಒಂದು ಹೆರಿಗೆ, ಬದುಕಿರುವ ಮಕ್ಕಳಿಲ್ಲ. ಅವಳು ಅದರ ಅರ್ಥ ಕೇಳಿ ತಿಳಿದುಕೊಂಡು, ಪಿ1 ಎಂಬುದರ ಮೇಲೆ ಬೆರಳಿಟ್ಟು, "ಇಲ್ಲಿ ಬರ್ದಿದಾರೆ ನೋಡಕ್ಕಾ, ಮತ್ತೆ ಆ ಆಫೀಸಿನವರು ಯಾಕೆ ಕೊಡಲ್ಲ?" ಎಂದಳು. ಅವಳು ಹೇಳಿದ್ದು ನೋಂದಣಿ ಕಚೇರಿಯ ಮಾತು. ಮಗುವಿನ ಜನನದ ನಮೂದಿಗೆ ಒಂದು ಕಾಗದ ಕೊಡಿರೆಂದು ಅಲ್ಲಿಗೆ ಅವಳ ಹೆಸರಿನಲ್ಲಿ ಒಂದು ಅರ್ಜಿ ಕೊಟ್ಟಿದ್ದೆವು. ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ನಿಗದಿತ ಶುಲ್ಕ ಕಟ್ಟಿ ನೋಂದಣಿ ಪುಸ್ತಕದಲ್ಲಿ ಯಾವುದೇ ಜನನದ ನಮೂದನ್ನು ಹುಡುಕಿಸಬಹುದು. ಜನನವೆಂದರೆ ನಿರ್ಜೀವ ಜನನವೂ ಹೌದಾದ್ದರಿಂದ, ನನ್ನ ಓದಿನ ಪ್ರಕಾರ, ಅದನ್ನು ಇವಳಿಗೆ ನಿರಾಕರಿಸಲು ಬರುವುದಿಲ್ಲ. ಗುಮಾಸ್ತರು ಸಾಫ್ಟ್‌ವೇರಿನಲ್ಲಿ ನಮೂದು ಇದೆಯೆಂದು ಒಪ್ಪಿಕೊಂಡರು, ಕೊಡಲು ನಮೂನೆ ಇಲ್ಲವೆಂದು ಅರ್ಜಿಯನ್ನು ಮರಳಿಸಿದರು.

ಹಾಗಾಗಿ ಈಗ ರಾಜ್ಯದ ಮುಖ್ಯ ನೋಂದಣಾಧಿಕಾರಿಗೆ ಮನವಿಯೊಂದನ್ನು ಬರೆದಿದ್ದೇನೆ. ನಮೂನೆಗಳನ್ನೂ, ಎಷ್ಟು ವಾರವೆಂಬ ಗಡಿಯನ್ನೂ ಗೊತ್ತುಮಾಡಿರುವುದು ಕಾಯ್ದೆಯಲ್ಲ, ನಿಯಮಗಳು. ಕೇಂದ್ರದ ಅನುಮೋದನೆ ಪಡೆದು ನಿಯಮ ರಚಿಸುವ ಅಧಿಕಾರವನ್ನು 30ನೆಯ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಮನವಿಯಲ್ಲಿ ಕೇಳಿರುವುದು ಮೂರು: ನಿರ್ಜೀವ ಜನನಕ್ಕೆ ತನ್ನದೇ ಆದ ಪ್ರಮಾಣಪತ್ರ ಮತ್ತು ತಂದೆತಾಯಿ ಬಯಸಿದರೆ ಅದರಲ್ಲಿ ಹೆಸರಿಗೆ ಒಂದು ಸಾಲು; ಗಡಿಯನ್ನು 28 ವಾರದಿಂದ ಇಳಿಸಿ, ರಜೆಯ ಕಾನೂನಿನೊಂದಿಗಾದರೂ ಹೊಂದುವಂತೆ ಮಾಡುವುದು; ಹೆರಿಗೆ ಮಾಡಿಸುವ ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್‌ಗೆ ಮೊದಲೇ, ಕಸವನ್ನು ಕಳಿಸಿಬಿಡುವುದಕ್ಕೂ ಮೊದಲೇ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ಮನೆಯವರ ಕೈಗೆ ಕೊಟ್ಟು ಓದಿ ಹೇಳುವುದು. ಮೂರನೆಯದಕ್ಕೆ ಯಾವ ಸರ್ಕಾರದ ಆದೇಶವನ್ನೂ ಕಾಯಬೇಕಾಗಿಲ್ಲ. ಹಾಳೆಯ ಕರಡನ್ನು ನಾನು ಸಿದ್ಧಪಡಿಸಿದ್ದೇನೆ. ಬಳಸಲು ಮನಸ್ಸಿರುವ ವೈದ್ಯರು, ಆಶಾ ಕಾರ್ಯಕರ್ತೆಯರು ಕೇಳಿದರೆ ಕಳಿಸಿಕೊಡುತ್ತೇನೆ.